ಕಲ್ಲು, ನೀರು, ತಾಮ್ರ: ಬರೋಕ್ ಕಾರಂಜಿ ಮುದ್ರಣಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

17ನೇ ಶತಮಾನದ ಯುರೋಪಿನಲ್ಲಿ, ಅಂದರೆ ಸಡಗರದ ಬರೋಕ್ ಶೈಲಿಯ ಕಾಲದಲ್ಲಿ, ಕಾರಂಜಿಗಳನ್ನು ತಾಮ್ರದ ತಗಡಿನ ಮೇಲೆ ಬಿಡಿಸಿ, ಅಚ್ಚು ಹಾಕಿ ಮಾರುತ್ತಿದ್ದರು. ಆ ಚಿತ್ರಗಳನ್ನು ಹೊಸದಾಗಿ ನೋಡಲು ತೊಡಗಿದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ನೀರನ್ನು ಬಿಡಿಸುವ ಬಗೆ ಮತ್ತು ಚಿತ್ರದ ರಚನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಈ ಕಲೆಯ ನಿಜವಾದ ಪಟ್ಟು ಇರುವುದು ಅಲ್ಲೇ.

ಯಾವ ಚಿತ್ರಗಳ ಬಗ್ಗೆ ಮಾತಾಡುತ್ತಿದ್ದೇವೆ?

ಮುಖ್ಯವಾಗಿ ರೋಮ್, ಫ್ರಾನ್ಸಿನ ರಾಜರ ಅರಮನೆ ಇರುವ ವರ್ಸೈ ಮತ್ತು ಜರ್ಮನಿಯ ನ್ಯೂರೆಂಬರ್ಗ್‌ನ ಚಿತ್ರಗಳು. ಮೊದಲು ಹೇಳಬೇಕಾದ ಹೆಸರು ಜಿಯೊವಾನಿ ಬತ್ತಿಸ್ತಾ ಫಾಲ್ದಾ. 1643ರಲ್ಲಿ ಉತ್ತರ ಇಟಲಿಯ ವಾಲ್ದುಜ್ಜಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ರೋಮ್ ಸೇರಿ, 1678ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅಷ್ಟರೊಳಗೆ ರೋಮ್ ನಗರದ ಬೀದಿ, ಚೌಕ, ಚರ್ಚು, ಉದ್ಯಾನಗಳನ್ನೆಲ್ಲ ತಾಮ್ರಕ್ಕೆ ಇಳಿಸಿದ್ದ. ಪ್ರಕಾಶಕ ಜಿಯೊವಾನಿ ಜಾಕೊಮೊ ದೆ ರೊಸ್ಸಿ 1675ರ ಆಸುಪಾಸಿನಲ್ಲಿ ರೋಮಿನ ಕಾರಂಜಿಗಳ ಸಂಪುಟಗಳನ್ನು ಹೊರತರಲು ಶುರುಮಾಡಿದ. ಮೊದಲ ಎರಡು ಭಾಗ, ಅಂದರೆ ರೋಮಿನ ಸಾರ್ವಜನಿಕ ಚೌಕಗಳು ಮತ್ತು ಫ್ರಾಸ್ಕಾತಿಯ ವಿಲ್ಲಾಗಳ ಕಾರಂಜಿಗಳು, ಫಾಲ್ದಾನವು. ಅರಮನೆ ತೋಟಗಳು ಮತ್ತು ತಿವೊಲಿಯ ಎಸ್ತೆ ಉದ್ಯಾನದ ಭಾಗಗಳನ್ನು ಅವನ ನಂತರ ಜಿಯೊವಾನಿ ಫ್ರಾಂಚೆಸ್ಕೊ ವೆಂಚುರೀನಿ ಮುಗಿಸಿದ.

ಫ್ರಾನ್ಸಿನಲ್ಲಿ ಜ್ಯಾನ್ ಲ ಪೋತ್ರ್, ಇಸ್ರಾಯೆಲ್ ಸಿಲ್ವೆಸ್ತ್ರ್, ಪೆರೆಲ್ ಮನೆತನದವರು. ಫ್ಲಾರೆನ್ಸಿನಲ್ಲಿ ಸ್ತೆಫಾನೊ ದೆಲ್ಲ ಬೆಲ್ಲ. ನ್ಯೂರೆಂಬರ್ಗ್‌ನಲ್ಲಿ 1664ರಲ್ಲಿ ದೊಡ್ಡದೊಂದು ಕಾರಂಜಿ ಗ್ರಂಥ ಪ್ರಕಟಿಸಿದ ಗಿಯೋರ್ಗ್ ಆಂಡ್ರಿಯಾಸ್ ಬ್ಯೋಕ್ಲರ್. ಇಷ್ಟು ಹೆಸರು ಗೊತ್ತಿದ್ದರೆ ಹುಡುಕಾಟಕ್ಕೆ ಸಾಕು.

ಇಷ್ಟೊಂದು ಕಾರಂಜಿ ಚಿತ್ರಗಳು ಯಾಕೆ ಬೇಕಾಗಿದ್ದವು?

ರೋಮಿಗೆ ನೀರು ಮರಳಿ ಬಂದದ್ದು ಆ ಕಾಲದ ದೊಡ್ಡ ಸುದ್ದಿ. ಪ್ರಾಚೀನ ಕಾಲುವೆ ಆಕ್ವಾ ವೆರ್ಜಿನೆ 1570ರಲ್ಲಿ ದುರಸ್ತಿಯಾಯಿತು, ಪೋಪ್ ಐದನೇ ಸಿಕ್ಸ್ಟಸ್ ಕಾಲದಲ್ಲಿ ಆಕ್ವಾ ಫೆಲಿಚೆ ಹರಿಯಿತು, ಐದನೇ ಪಾಲ್ ಕಾಲದಲ್ಲಿ ಆಕ್ವಾ ಪಾವೊಲಾ. ನೀರು ತಂದ ಪೋಪ್ ತನ್ನ ಹೆಸರು, ಲಾಂಛನ ಹಾಕಿ ಕಾರಂಜಿ ಕಟ್ಟಿಸುತ್ತಿದ್ದ. ಕಲ್ಲಿನ ಕಾರಂಜಿ ಕಟ್ಟಿದ ಊರಲ್ಲೇ ಇರುತ್ತದೆ, ಕಾಗದ ಮಾತ್ರ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ವರೆಗೆ ಹೋಗುತ್ತದೆ. ಕೊಳ್ಳುವವರಲ್ಲಿ ಯಾತ್ರಿಕರಿದ್ದರು, ತಮ್ಮ ತೋಟಕ್ಕೆ ಮಾದರಿ ಹುಡುಕುವ ಶ್ರೀಮಂತರಿದ್ದರು, ಶಿಲ್ಪಿಗಳೂ ಬೆಳ್ಳಿ ಕೆಲಸದವರೂ ಇದ್ದರು.

ಇವು ಕೆತ್ತನೆಯೋ, ಎಚಿಂಗೋ?

ಬಹುಪಾಲು ಎರಡೂ ಸೇರಿದವು. ನಮ್ಮ ಚಿತ್ರಕಲಾ ಶಾಲೆಗಳ ಗ್ರಾಫಿಕ್ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ವಿಷಯವೇ. ನಯಗೊಳಿಸಿದ ತಾಮ್ರದ ತಗಡಿಗೆ ಮೇಣ, ರಾಳಗಳ ಲೇಪ ಹಚ್ಚಿ, ಹೊಗೆಯಿಂದ ಕಪ್ಪಾಗಿಸಿ, ಸೂಜಿಯಿಂದ ಗೆರೆ ಎಳೆಯುತ್ತಾರೆ. ಸೂಜಿ ತಾಕಿದ ಕಡೆ ತಾಮ್ರ ಹೊಳೆಯುತ್ತದೆ. ಆಮ್ಲ ಸುರಿದಾಗ ಅಷ್ಟು ಜಾಗ ಮಾತ್ರ ಕೊರೆದುಕೊಳ್ಳುತ್ತದೆ. ಇದು ಎಚಿಂಗ್. ಬ್ಯೂರಿನ್ ಎಂಬ ಚೂಪು ಉಳಿಯಿಂದ ತಾಮ್ರವನ್ನು ನೇರವಾಗಿ ಹೆರೆದು ತೆಗೆಯುವುದು ಕೆತ್ತನೆ. ಕಾರಂಜಿ ಚಿತ್ರಗಳಲ್ಲಿ ಹೆಚ್ಚಿನ ಕೆಲಸ ಎಚಿಂಗ್‌ನದು. ನೆರಳು ಗಾಢವಾಗಬೇಕಾದ ಕಡೆ ಮಾತ್ರ ಬ್ಯೂರಿನ್ ಬರುತ್ತದೆ.

ಎಚಿಂಗ್ ಯಾಕೆ ಗೆದ್ದಿತು ಅಂದರೆ, ವೇಗಕ್ಕೆ. ಇನ್ನೊಂದು ಕಾರಣವೂ ಇದೆ: ಸೂಜಿ ಲೇಪದ ಮೇಲೆ ಪೆನ್ನಿನಂತೆ ಓಡುತ್ತದೆ, ಗೆರೆಗೆ ನಡುಕ ಬರುತ್ತದೆ, ನೀರಿಗೆ ಆ ನಡುಕ ಬೇಕು. ಲೊರೇನ್‌ನ ಜಾಕ್ ಕಾಲೊ ಗಟ್ಟಿ ವಾರ್ನಿಶ್ ಬಳಸಿ, ಓರೆಯಾಗಿ ಕತ್ತರಿಸಿದ ತುದಿಯ ಸೂಜಿಯಿಂದ ಉಬ್ಬಿ ಇಳಿಯುವ ಗೆರೆ ಎಳೆಯುವುದನ್ನು ತೋರಿಸಿಕೊಟ್ಟಿದ್ದ. ಪ್ಯಾರಿಸಿನ ಅಬ್ರಹಾಂ ಬಾಸ್ 1645ರಲ್ಲಿ ಆ ವಿಧಾನಗಳನ್ನೆಲ್ಲ ಕೈಪಿಡಿಯಾಗಿ ಅಚ್ಚು ಹಾಕಿಸಿದ. ಫಾಲ್ದಾನ ತಲೆಮಾರು ಬೆಳೆದದ್ದು ಇದೇ ತಳಹದಿಯ ಮೇಲೆ.

ಬಣ್ಣವೇ ಇಲ್ಲದೆ ನೀರನ್ನು ಹೇಗೆ ತೋರಿಸುತ್ತಾರೆ?

ನೀರನ್ನು ಬಿಡಿಸುವುದಿಲ್ಲ, ಕಾಗದವನ್ನು ಬಿಡುತ್ತಾರೆ. ಒಳ್ಳೆಯ ಮುದ್ರಣವೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಮೇಲಕ್ಕೆ ಚಿಮ್ಮುವ ಧಾರೆಯ ನಡುಭಾಗದಲ್ಲಿ ಗೆರೆಯೇ ಇರುವುದಿಲ್ಲ. ಎರಡು ಬದಿಯಲ್ಲಿ ಕೂದಲೆಳೆಯಂಥ ಗೆರೆ, ಅದೂ ಅಲ್ಲಲ್ಲಿ ಕಡಿದದ್ದು. ಧಾರೆ ಬಿಳಿಯಾಗಿ ಕಾಣುವುದು ಅದರ ಹಿಂದಿನ ಗೋಡೆ ಅಥವಾ ಮರಗಳ ಮೇಲೆ ಅಡ್ಡಗೆರೆಗಳನ್ನು ಒತ್ತಾಗಿ ಹಾಕಿರುವುದರಿಂದ. ಅಂದರೆ ನೀರಿನ ಆಕಾರವನ್ನು ಕಲಾವಿದ ಗೋಡೆಗೆ ನೆರಳು ಕೊಡುವಾಗಲೇ ತೀರ್ಮಾನ ಮಾಡಿರಬೇಕು. ಆಮ್ಲ ಕಚ್ಚಿದ ಮೇಲೆ ಬಿಳಿ ವಾಪಸು ತರುವುದು ಸುಲಭವಲ್ಲ. ತಾಮ್ರವನ್ನು ಕೆರೆದು, ಉಜ್ಜಿ, ಹಿಂದಿನಿಂದ ಬಡಿದು ಮಟ್ಟ ಮಾಡಬೇಕು.

ಧಾರೆಯ ತುದಿಗೆ ಬನ್ನಿ. ನೀರು ಏರುವ ಬಲ ಕಳೆದುಕೊಂಡು ಬಾಗುವ ಜಾಗದಲ್ಲಿ ಗೆರೆಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ಬರೀ ಚಿಕ್ಕ ಚಿಕ್ಕ ಗೀಟು, ಕೊನೆಗೆ ಚುಕ್ಕೆ. ಬೀಳುವ ನೀರಿನ ಗೀಟುಗಳು ಏರುವ ಗೆರೆಗಿಂತ ಉದ್ದ, ಕೆಳಕ್ಕೆ ಹೋದಂತೆ ದೂರ ದೂರ. ಬಟ್ಟಲಿನ ಅಂಚಿನಿಂದ ತೆಳ್ಳನೆ ಪರದೆಯಾಗಿ ಬೀಳುವ ನೀರಿಗೆ ಬೇರೆ ಲೆಕ್ಕ: ಅಂಚಿನಲ್ಲಿ ಬಿಳಿ, ಸ್ವಲ್ಪ ಕೆಳಗೆ ಲಂಬ ಗೆರೆಗಳು, ಗೆರೆಗಳ ನಡುವೆ ಹಿಂದಿನ ಶಿಲ್ಪದ ಕಾಲೋ ಬಾಲವೋ ಮಸುಕಾಗಿ ಕಾಣುತ್ತದೆ. ಕೊಳದ ಮೇಲ್ಮೈಗೆ ಅಡ್ಡಗೆರೆಗಳು. ನೀರು ಬೀಳುವ ಕಡೆ ಅವು ಒಡೆದು ಉಂಗುರವಾಗುತ್ತವೆ.

ಇಡೀ ಚಿತ್ರದಲ್ಲಿ ಕಲಾವಿದನ ಕೈ ಎಷ್ಟು ಪಳಗಿದೆ ಎನ್ನುವುದನ್ನು ನಾನು ಅಳೆಯುವುದು ಈ ಬಾಗುವ ತುದಿಯಲ್ಲಿ. ಕಲ್ಲನ್ನು ಚೆನ್ನಾಗಿ ಬಿಡಿಸುವವರು ನೂರಾರು ಮಂದಿ ಇದ್ದರು. ಏರುವುದು ನಿಂತು ಬೀಳುವುದು ಶುರುವಾಗುವ ಆ ಗಳಿಗೆಯನ್ನು ಹಿಡಿದವರು ಕಡಿಮೆ.

ಕಾರಂಜಿ ಯಾವಾಗಲೂ ಅಷ್ಟು ದೊಡ್ಡದಾಗಿ ಕಾಣುವುದು ಹೇಗೆ?

ಮೂರು ಉಪಾಯಗಳಿವೆ, ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ.

ಮೊದಲನೆಯದು ದಿಗಂತವನ್ನು ತಗ್ಗಿಸುವುದು. ನೋಡುಗನ ಕಣ್ಣು ನಿಂತ ಮನುಷ್ಯನ ಎತ್ತರದಲ್ಲೋ ಇನ್ನೂ ಕೆಳಗೋ ಇರುತ್ತದೆ. ಹಾಗಾಗಿ ಕಾರಂಜಿಯ ತಲೆ ಹಿಂದಿನ ಅರಮನೆಗಳ ಸೂರನ್ನು ದಾಟಿ ಆಕಾಶಕ್ಕೆ ಹೋಗುತ್ತದೆ, ಧಾರೆಯ ತುದಿಗೆ ಖಾಲಿ ಕಾಗದ ಹಿನ್ನೆಲೆಯಾಗಿ ಸಿಗುತ್ತದೆ.

ಎರಡನೆಯದು ಚೌಕವನ್ನು ಹಿಗ್ಗಿಸುವುದು. ಇಕ್ಕಟ್ಟಾದ ಜಾಗದಲ್ಲಿರುವ ಕಾರಂಜಿಯನ್ನು ಚಿತ್ರದಲ್ಲಿ ನೋಡಿದ ದೂರದಿಂದ ನಿಜವಾಗಿ ನೋಡಲು ಸಾಧ್ಯವೇ ಇರುವುದಿಲ್ಲ. ಅಲ್ಲಿ ಮನೆ ಅಡ್ಡ ಬರುತ್ತದೆ. ಕಲಾವಿದ ಆ ಮನೆಯನ್ನು ಮನಸ್ಸಿನಲ್ಲೇ ಕೆಡವಿ ಹಿಂದಕ್ಕೆ ಸರಿದು ನಿಲ್ಲುತ್ತಾನೆ.

ಮೂರನೆಯದು ನೆರಳಿನ ಮೂರು ಹಂತ. ಮುಂದೆ ಕಪ್ಪು ನೆಲದ ಪಟ್ಟಿ, ನಡುವೆ ಪೂರ್ತಿ ಬೆಳಕು ನೆರಳಿನ ಕಾರಂಜಿ, ಹಿಂದೆ ತೆಳು ಬೂದಿಯ ಕಟ್ಟಡಗಳು. ಇದು ಆಮ್ಲದ ಕೆಲಸ. ಮೊದಲ ಸಲ ಸ್ವಲ್ಪ ಹೊತ್ತು ಕಚ್ಚಿಸಿ, ದೂರದ ಕಟ್ಟಡಗಳ ಮೇಲೆ ಕೊಬ್ಬು ಬೆರೆಸಿದ ಲೇಪ ಬಳಿದು ಮುಚ್ಚುತ್ತಾರೆ. ಮತ್ತೆ ಕಚ್ಚಿಸಿ, ಕಾರಂಜಿಯ ತಿಳಿಯಾದ ಭಾಗ ಮುಚ್ಚುತ್ತಾರೆ. ಕೊನೆಯವರೆಗೂ ತೆರೆದಿರುವುದು ಮುಂದಿನ ನೆಲದ ಗೆರೆಗಳು ಮಾತ್ರ. ಅವು ಅತಿ ಆಳ, ಅತಿ ಕಪ್ಪು. ಚಿತ್ರದ ದೂರ ಎನ್ನುವುದು ತಗಡು ಆಮ್ಲದಲ್ಲಿ ಎಷ್ಟು ಹೊತ್ತು ಇತ್ತು ಎನ್ನುವುದರ ಮೇಲೆ ನಿಂತಿದೆ.

ಕಾರಂಜಿಯ ಸುತ್ತ ಜನ, ನಾಯಿ, ಗಾಡಿ ಯಾಕೆ?

ಅಳತೆಗೆ. ಜನರನ್ನು ಕೊಂಚ ಕುಳ್ಳಗೆ ಬಿಡಿಸಿದರೆ ಕಲ್ಲು ತಾನಾಗಿ ಬೆಳೆಯುತ್ತದೆ. ಬೆರಳು ಮಾಡಿ ತೋರಿಸುವ ಸಂಭಾವಿತ ಅನೇಕ ಚಿತ್ರಗಳಲ್ಲಿ ಒಬ್ಬನಾದರೂ ಇರುತ್ತಾನೆ, ನಮ್ಮ ಕಣ್ಣನ್ನು ಎಲ್ಲಿಗೆ ಒಯ್ಯಬೇಕೋ ಅವನ ಕೈ ಅಲ್ಲಿಗೆ ಚಾಚಿರುತ್ತದೆ.

ಅಲಂಕಾರದಲ್ಲಿ ಮತ್ತೆ ಮತ್ತೆ ಬರುವ ಅಂಶಗಳು ಯಾವುವು?

ಚಿಪ್ಪು, ಡಾಲ್ಫಿನ್, ಶಂಖ ಊದುವ ಸಮುದ್ರದೇವತೆ ಟ್ರೈಟನ್, ಮೀನಿನ ಬಾಲದ ಕುದುರೆ, ಸುರುಳಿ, ಅಕಾಂಥಸ್ ಎಲೆ, ಒರಟು ಬಂಡೆ, ಲಾಂಛನ ಹೊತ್ತ ಅಲಂಕಾರಿಕ ಫಲಕ, ಬಾಯಿಂದ ನೀರು ಉಗುಳುವ ವಿಕಾರ ಮುಖ. ಹೊಯ್ಸಳ ದೇಗುಲಗಳ ಕೀರ್ತಿಮುಖವನ್ನು ನೋಡಿ ಬೆಳೆದವರಿಗೆ ಈ ಕೊನೆಯದು ಕೂಡಲೇ ಹತ್ತಿರವೆನಿಸುತ್ತದೆ, ಆದರೆ ಇದರ ಮೂಲ ಬೇರೆ, ಪ್ರಾಚೀನ ರೋಮಿನದು.

ಪಟ್ಟಿಗಿಂತ ಒಂದೇ ಉದಾಹರಣೆಯನ್ನು ಸರಿಯಾಗಿ ನೋಡುವುದು ಮೇಲು. ರೋಮಿನ ಬಾರ್ಬೆರೀನಿ ಚೌಕದಲ್ಲಿ ಶಿಲ್ಪಿ ಬರ್ನಿನಿ 1642–43ರಲ್ಲಿ ಮಾಡಿದ ಟ್ರೈಟನ್ ಕಾರಂಜಿ ತೆಗೆದುಕೊಳ್ಳಿ. ನಾಲ್ಕು ಡಾಲ್ಫಿನ್‌ಗಳು ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿವೆ. ಬಾಲಗಳ ಮೇಲೆ ತೆರೆದ ಚಿಪ್ಪು. ಚಿಪ್ಪಿನ ಮೇಲೆ ಟ್ರೈಟನ್, ತಲೆ ಹಿಂದಕ್ಕೆ ಚಾಚಿ ಶಂಖ ಊದುತ್ತಿದ್ದಾನೆ. ನೀರು ಬರುವುದು ಆ ಶಂಖದಿಂದ. ಬಾಲಗಳ ನಡುವೆ ಪೋಪ್ ಎಂಟನೇ ಅರ್ಬನ್‌ನ ಲಾಂಛನ: ಬಾರ್ಬೆರೀನಿ ಮನೆತನದ ಮೂರು ಜೇನುನೊಣ, ಕಿರೀಟ, ಕೀಲಿಕೈ.

ಇಲ್ಲಿ ಕಂಬ, ಪೀಠ, ಒಂದರ ಮೇಲೊಂದು ಬಟ್ಟಲು, ಯಾವುದೂ ಇಲ್ಲ. ಹಳೆಯ ಕಾರಂಜಿಗಳಲ್ಲಿ ಕಟ್ಟಡದ ಮೇಲೆ ಅಲಂಕಾರವನ್ನು ಅಂಟಿಸುತ್ತಿದ್ದರು. ಇಲ್ಲಿ ಅಲಂಕಾರವೇ ಭಾರ ಹೊತ್ತಿದೆ. ಡಾಲ್ಫಿನ್ ಕಂಬವಾಗಿದೆ, ಚಿಪ್ಪು ಬಟ್ಟಲಾಗಿದೆ. ಇದನ್ನು ತಾಮ್ರಕ್ಕೆ ಇಳಿಸುವವನಿಗೆ ನೇರ ಗೆರೆಯ ಆಸರೆ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಹಿಂದಿನ ಮನೆಗಳ ಕಿಟಕಿ, ಸೂರುಗಳ ನೇರ ಗೆರೆಗಳನ್ನು ಎದುರು ನಿಲ್ಲಿಸುತ್ತಾನೆ. ಸುರುಳಿಗೆ ಬೆಲೆ ಬರುವುದು ಆಗ.

ನಾಲ್ಕು ನದಿಗಳ ಕಾರಂಜಿಯಲ್ಲಿ ಗಂಗೆ ಇದ್ದಾಳಂತೆ, ನಿಜವೇ?

ನಿಜ, ಆದರೆ ಅವಳಲ್ಲ, ಅವನು. ರೋಮಿನ ನವೋನಾ ಚೌಕದಲ್ಲಿ ಬರ್ನಿನಿಯ ವಿನ್ಯಾಸದಂತೆ 1648ರಿಂದ 1651ರವರೆಗೆ ಕಟ್ಟಿದ ಈ ಕಾರಂಜಿಯಲ್ಲಿ ನಾಲ್ಕು ಖಂಡಗಳಿಗೆ ನಾಲ್ಕು ನದಿ: ಯುರೋಪಿಗೆ ಡ್ಯಾನ್ಯೂಬ್, ಆಫ್ರಿಕಾಕ್ಕೆ ನೈಲ್, ಅಮೆರಿಕಕ್ಕೆ ರಿಯೊ ದೆ ಲಾ ಪ್ಲಾತಾ, ಏಷ್ಯಾಕ್ಕೆ ಗಂಗೆ. ರೋಮನ್ ಪದ್ಧತಿಯಲ್ಲಿ ನದಿದೇವತೆ ಒರಗಿ ಕೂತ ಗಡ್ಡದ ಗಂಡಸು. ಮಕರವಾಹಿನಿಯಾಗಿ, ಕೈಯಲ್ಲಿ ಕುಂಭ ಹಿಡಿದ ಗಂಗೆಯನ್ನು ಬಲ್ಲ ನಮಗೆ ಇದು ಒಂದು ಕ್ಷಣ ಕಸಿವಿಸಿ. ಅವನ ಕೈಯಲ್ಲಿ ಉದ್ದನೆಯ ಹುಟ್ಟು ಇದೆ, ದೋಣಿ ಸಾಗುವಷ್ಟು ದೊಡ್ಡ ನದಿ ಎನ್ನುವ ಗುರುತು. ಕ್ಲೋದ್ ಪೂಸೆನ್ ಎಂಬ ಶಿಲ್ಪಿ ಕಡೆದದ್ದು.

ಮುದ್ರಣಗಳಲ್ಲಿ ಗಂಗೆಯನ್ನು ಗುರುತಿಸಲು ಹುಟ್ಟನ್ನು ಹುಡುಕಿ. ಓರೆಯಾಗಿ ಹೋಗುವ ಆ ಉದ್ದ ಗೆರೆ ಬಂಡೆಗಳ ಗೊಂದಲದಲ್ಲೂ ಕಣ್ಣಿಗೆ ಬೀಳುತ್ತದೆ. ತಲೆಗೆ ಮುಸುಕು ಹಾಕಿದವನು ನೈಲ್.

ರಚನೆಯ ದೃಷ್ಟಿಯಿಂದ ಈ ಕಾರಂಜಿಯ ದೊಡ್ಡ ಧೈರ್ಯ ಎಂದರೆ ಟೊಳ್ಳು. ಗುಹೆಯಂತೆ ಕೊರೆದ, ಟ್ರಾವರ್ಟೀನ್ ಎಂಬ ಸುಣ್ಣಕಲ್ಲಿನ ಬಂಡೆಯ ಮೇಲೆ ಅಷ್ಟೆತ್ತರದ ಗ್ರಾನೈಟ್ ಸ್ತಂಭ ನಿಂತಿದೆ, ತುದಿಯಲ್ಲಿ ಪೋಪ್ ಹತ್ತನೇ ಇನ್ನೊಸೆಂಟ್‌ನ ಪಾಂಫೀಲಿ ಮನೆತನದ ಪಾರಿವಾಳ. ಒಳ್ಳೆಯ ಮುದ್ರಣಕಾರ ಆ ಗುಹೆಯ ಆಚೆ ಬದಿಯ ಬೆಳಕು ಕಾಣುವ ಕೋನವನ್ನೇ ಆರಿಸುತ್ತಾನೆ. ಅಷ್ಟು ಭಾರದ ಕೆಳಗೆ ಒಂದು ತುಂಡು ಖಾಲಿ ಕಾಗದ!

ಈ ಚಿತ್ರಗಳನ್ನು ನಂಬಬಹುದೇ?

ಆಕಾರ, ಲಾಂಛನ, ಶಾಸನಗಳ ವಿಷಯದಲ್ಲಿ ಫಾಲ್ದಾನಂಥವರನ್ನು ಬಹುಮಟ್ಟಿಗೆ ನಂಬಬಹುದು. ಚೌಕದ ಅಗಲ ಮತ್ತು ನೀರಿನ ಎತ್ತರದಲ್ಲಿ ಬೇಡ.

ನೀರಿಗೆ ಒಂದು ಸುಲಭ ಪರೀಕ್ಷೆ ಇದೆ. ಕಾರಂಜಿಗೆ ಯಾವ ಕಾಲುವೆಯ ನೀರು ಎಂದು ತಿಳಿದುಕೊಳ್ಳಿ. ಆಕ್ವಾ ವೆರ್ಜಿನೆಯ ಒತ್ತಡ ಬಹಳ ಕಡಿಮೆ. ಸ್ಪೇನ್ ಚೌಕದ ಬಾರ್ಕಾಚ್ಚಾ ಕಾರಂಜಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಅರೆಮುಳುಗಿದ ದೋಣಿಯ ಆಕಾರದಲ್ಲಿರುವುದು ಇದೇ ಕಾರಣಕ್ಕೆ. ನಾಲ್ಕು ನದಿಗಳ ಕಾರಂಜಿಗೂ ಇದೇ ನೀರು, ಅದಕ್ಕೇ ಬರ್ನಿನಿ ಅಲ್ಲಿ ಚಿಮ್ಮಿಸುವ ಬದಲು ಬಂಡೆಗಳಿಂದ ಹರಿಸಿದ. ಆಕ್ವಾ ಪಾವೊಲಾದ ನೀರು ಎತ್ತರದಿಂದ ಬರುತ್ತದೆ, ಸೇಂಟ್ ಪೀಟರ್ಸ್ ಚೌಕದ ಜೋಡಿ ಕಾರಂಜಿಗಳು ನಿಜವಾಗಿಯೂ ಎತ್ತರಕ್ಕೆ ಚಿಮ್ಮುತ್ತಿದ್ದವು. ವೆರ್ಜಿನೆಯ ಕಾರಂಜಿಯೊಂದು ಚಿತ್ರದಲ್ಲಿ ಮಹಡಿ ಎತ್ತರ ಚಿಮ್ಮಿದರೆ ಅದು ಸೂಜಿಯ ಉತ್ಸಾಹ.

ವರ್ಸೈ ಚಿತ್ರಗಳು ರೋಮಿನವಕ್ಕಿಂತ ಹೇಗೆ ಬೇರೆ?

ರೋಮಿನಲ್ಲಿ ಕಾರಂಜಿ ಊರಿನ ನಡುವೆ ಇದೆ, ಬದಿಯಲ್ಲಿ ತರಕಾರಿ ಮಾರುವವಳೂ ನಿಂತಿರಬಹುದು. ವರ್ಸೈನಲ್ಲಿ ಎಲ್ಲವೂ ರಾಜನ ಕಣ್ಣಿನ ರೇಖೆಯ ಮೇಲಿದೆ. ಅಕ್ಷ ನೇರ, ಎರಡೂ ಬದಿ ಸಮ, ದೂರದಲ್ಲಿ ಕಾಲುವೆ. 14ನೇ ಲೂಯಿಯ ಆಡಳಿತವೇ ಮುದ್ರಣಗಳನ್ನು ಮಾಡಿಸಿ ಬೇರೆ ದೇಶದ ಆಸ್ಥಾನಗಳಿಗೆ ಉಡುಗೊರೆ ಕಳಿಸುತ್ತಿತ್ತು.

ನನಗೆ ಇವು ಮುಖ್ಯವೆನಿಸುವುದು ಇನ್ನೊಂದು ಕಾರಣಕ್ಕೆ: ಹೋದದ್ದನ್ನು ಉಳಿಸಿವೆ. ತೋಟದಲ್ಲಿ ಕೃತಕವಾಗಿ ಕಟ್ಟಿದ್ದ ಥೀಟಿಸ್ ಗುಹೆಯನ್ನು ಅರಮನೆಯ ಉತ್ತರ ಭಾಗ ಕಟ್ಟಲು 1684ರಲ್ಲಿ ಕೆಡವಿದರು. ಅದರ ಒಳಗೋಡೆಗಳ ಚಿಪ್ಪಿನ ಕುಸುರಿ ಹೇಗಿತ್ತೆಂದು ತಿಳಿಯಲು ಲ ಪೋತ್ರ್‌ನ ಮುದ್ರಣಗಳಿಗೇ ಮೊರೆ ಹೋಗಬೇಕು. ಈಸೋಪನ ಕಥೆಗಳ 39 ಕಾರಂಜಿಗಳಿದ್ದ, ದಾರಿ ತಪ್ಪಿಸುವ ಚಕ್ರವ್ಯೂಹದ ತೋಟವೂ 18ನೇ ಶತಮಾನದಲ್ಲಿ ಅಳಿಯಿತು. 1677ರಲ್ಲಿ ಸೆಬಾಸ್ತಿಯನ್ ಲ ಕ್ಲೇರ್ ಮಾಡಿದ ಚಿತ್ರಗಳಲ್ಲಿ ಅದು ಇದೆ. ಅಲ್ಲಿ ಒಂದು ಪ್ರಾಣಿಯ ಬಾಯಿಂದ ಇನ್ನೊಂದರ ಕಡೆಗೆ ಚಿಮ್ಮುವ ನೀರೇ ಅವುಗಳ ಮಾತು. ನೀರಿನ ಗೆರೆಗೆ ಸಂಭಾಷಣೆಯ ಕೆಲಸ ಕೊಟ್ಟ ಇಂಥ ಜಾಣ್ಮೆ ಬೇರೆ ಕಡೆ ನನಗೆ ಕಂಡಿಲ್ಲ.

ಲಾಟೋನಾ ಕಾರಂಜಿಯದೂ ಹೀಗೇ. ಮೊದಲು ದೇವತೆ ಅರಮನೆಯ ಕಡೆ ಮುಖ ಮಾಡಿದ್ದಳು. 1680ರ ದಶಕದ ಕೊನೆಯಲ್ಲಿ ವಾಸ್ತುಶಿಲ್ಪಿ ಅರ್ದ್ವೆಂ-ಮಾನ್ಸಾರ್ ಅವಳನ್ನು ಅಮೃತಶಿಲೆಯ ಮೆಟ್ಟಿಲು ಮೆಟ್ಟಿಲಾದ ಪೀಠದ ಮೇಲೇರಿಸಿ ಕಾಲುವೆಯ ಕಡೆ ತಿರುಗಿಸಿದ. ಹಳೆಯ ಮುದ್ರಣದಲ್ಲಿ ಬಂಡೆ, ಹೊಸದರಲ್ಲಿ ಮೆಟ್ಟಿಲು.

ಎಂದೂ ಕಟ್ಟದ ಕಾರಂಜಿಗಳನ್ನೂ ಬಿಡಿಸುತ್ತಿದ್ದರೇ?

ಬಹಳ. ಲ ಪೋತ್ರ್ ಬದುಕಿನಲ್ಲಿ 2000ಕ್ಕೂ ಹೆಚ್ಚು ಮುದ್ರಣ ಮಾಡಿದ. ಅವುಗಳಲ್ಲಿ ಕಲ್ಪಿತ ಕಾರಂಜಿಗಳ ಸರಣಿಗಳೂ ಇವೆ. ಅವನ ಕಾಗದದಲ್ಲಿ ತೂಕದ ಲೆಕ್ಕವಿಲ್ಲ: ಜಲಕನ್ಯೆಯರು, ಮಕ್ಕಳು, ಹೂಮಾಲೆ, ಹೂಜಿಗಳು ಒಂದರ ಮೇಲೊಂದು ಹತ್ತಿವೆ. ಕಟ್ಟಲು ಹೊರಟರೆ ಕುಸಿಯುವಂಥವೂ ಇವೆ. ಆದರೆ ಬೆಳ್ಳಿ ಕೆಲಸದವನಿಗೆ ಒಂದು ಹಿಡಿಕೆ, ಮರಗೆಲಸದವನಿಗೆ ಒಂದು ಸುರುಳಿ ಸಿಕ್ಕರೆ ಸಾಕಿತ್ತು.

ಬ್ಯೋಕ್ಲರ್‌ನ ಮನಸ್ಸು ಬೇರೆ. ಅವನು ವಾಸ್ತುಶಿಲ್ಪಿ, ಯಂತ್ರಗಳ ಬಗ್ಗೆಯೂ ಬರೆದವನು. ಅವನ ಕಾರಂಜಿಗಳು ಎದುರಿನಿಂದ, ಸಮಮಿತಿಯಲ್ಲಿ, ಊರಿನ ಗದ್ದಲವಿಲ್ಲದೆ ನಿಂತಿವೆ. ನಳಿಗೆಯ ತುದಿ ಬದಲಿಸಿದರೆ ನೀರು ಕೊಡೆಯಾಗುತ್ತದೆ, ಬೀಸಣಿಗೆಯಾಗುತ್ತದೆ, ಚೆಂಡನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತದೆ. ಇಲ್ಲಿ ನೀರೇ ಅಲಂಕಾರ, ಕಲ್ಲು ಬರೀ ನಳಿಗೆ. ಲ ಪೋತ್ರ್‌ನ ಸಡಗರಕ್ಕಿಂತ ಈ ಒಣ ಹಾಳೆಗಳೇ ನನಗೆ ಹೆಚ್ಚು ಇಷ್ಟ.

ಚಿತ್ರದ ಕೆಳಗಿನ ಸಣ್ಣ ಅಕ್ಷರಗಳ ಅರ್ಥವೇನು?

ಇವು ಲ್ಯಾಟಿನ್ ಪದಗಳ ಚುಟುಕು ರೂಪಗಳು: 'ಇನ್ವ್' ಎಂದರೆ ವಿನ್ಯಾಸ ಮಾಡಿದವರು, 'ಡೆಲ್' ಎಂದರೆ ಚಿತ್ರ ಬರೆದವರು, 'ಸ್ಕಲ್ಪ್' ಅಥವಾ 'ಇಂಚ್' ಎಂದರೆ ತಗಡಿಗೆ ಇಳಿಸಿದವರು, 'ಎಕ್ಸ್‌ಕ್' ಎಂದರೆ ಪ್ರಕಾಶಕರು. ರೊಸ್ಸಿ ಮನೆತನದ ಹಾಳೆಗಳಲ್ಲಿ 'ಅಲ್ಲಾ ಪಾಚೆ' ಎಂದೂ ಇರುತ್ತದೆ. ಅವರ ಅಂಗಡಿ ಸಾಂತಾ ಮರಿಯಾ ದೆಲ್ಲಾ ಪಾಚೆ ಚರ್ಚಿನ ಬಳಿ ಇತ್ತು.

ಕೆಲವು ಮುದ್ರಣಗಳಲ್ಲಿ ಎಡ ಬಲ ಅದಲು ಬದಲಾಗಿರುವುದು ಯಾಕೆ?

ಅಚ್ಚು ಹಾಕಿದಾಗ ತಗಡಿನ ಚಿತ್ರ ಕನ್ನಡಿಯಂತೆ ತಿರುಗುತ್ತದೆ. ಮೂಲ ಕಲಾವಿದ ಅದನ್ನು ಲೆಕ್ಕ ಹಾಕಿ ತಗಡಿನ ಮೇಲೆ ಎಲ್ಲವನ್ನೂ, ಅಕ್ಷರಗಳನ್ನೂ, ತಿರುಗಿಸಿಯೇ ಬರೆಯುತ್ತಾನೆ. ನಕಲು ಮಾಡುವವನು ಅಚ್ಚಾದ ಹಾಳೆಯನ್ನೇ ಎದುರಿಗಿಟ್ಟುಕೊಂಡು ನೇರವಾಗಿ ತಾಮ್ರಕ್ಕೆ ಇಳಿಸಿದರೆ ಫಲ ತಿರುವುಮುರುವು. ಫಾಲ್ದಾನ ಸಂಪುಟಗಳಿಗೆ ಬೇಡಿಕೆ ಎಷ್ಟಿತ್ತೆಂದರೆ 1685ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಯೋಆಕಿಂ ಫಾನ್ ಸಾಂಡ್ರಾರ್ಟ್ ಅದೇ ಕಾರಂಜಿಗಳ ತನ್ನದೇ ಆವೃತ್ತಿ ತಂದ.

ಪಿರನೇಸಿಯನ್ನು ಇಲ್ಲಿ ಸೇರಿಸಬಹುದೇ?

ರೋಮಿನ ನೋಟಗಳನ್ನು ತಾಮ್ರಕ್ಕೆ ಇಳಿಸಿದ ಈ ಕಲಾವಿದ ಕಾಲದ ಲೆಕ್ಕದಲ್ಲಿ ತಡವಾಗಿ ಬಂದವನು, 1720ರಿಂದ 1778. ಆದರೆ 1762ರಲ್ಲಿ ಪೂರ್ಣವಾದ ಟ್ರೆವಿ ಕಾರಂಜಿಯನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದಾನೆ. ಫಾಲ್ದಾನ ಉಪಾಯಗಳೇ ಅವನಲ್ಲಿ ಉಗ್ರವಾಗಿವೆ: ಕಪ್ಪು ಇನ್ನಷ್ಟು ಕಪ್ಪು, ಜನ ಇನ್ನಷ್ಟು ಚಿಕ್ಕವರು.

ಮೂಲ ತಗಡುಗಳು ಈಗಲೂ ಇವೆಯೇ?

ರೊಸ್ಸಿ ಮನೆತನದ ತಗಡುಗಳ ಸಂಗ್ರಹವನ್ನು 1738ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಕೊಂಡು ರೋಮಿನಲ್ಲಿ ಸರ್ಕಾರಿ ಮುದ್ರಣಾಗಾರ ಸ್ಥಾಪಿಸಿದ. ಅದರ ವಾರಸುದಾರ ಸಂಸ್ಥೆ ಈಗ ಇಟಲಿಯ ಕೇಂದ್ರ ಗ್ರಾಫಿಕ್ ಸಂಸ್ಥೆ. ಅದು ಇರುವುದು ಪೋಲಿ ಅರಮನೆಯಲ್ಲಿ. ಟ್ರೆವಿ ಕಾರಂಜಿಗೆ ಬೆನ್ನುಗೋಡೆಯಾಗಿರುವ ಕಟ್ಟಡ ಅದೇ.

ಹಳೆಯ ಅಚ್ಚನ್ನೂ ಆಮೇಲಿನ ಅಚ್ಚನ್ನೂ ಹೇಗೆ ಗುರುತಿಸುವುದು?

ತಾಮ್ರ ಮೆತು ಲೋಹ. ಪ್ರತಿ ಅಚ್ಚಿಗೂ ಶಾಯಿ ತುಂಬಿ, ಒರೆಸಿ, ಒತ್ತುಯಂತ್ರದಲ್ಲಿ ಎಳೆಯುವಾಗ ಸವೆಯುತ್ತದೆ. ಮೊದಲು ಹೋಗುವುದು ಆಳವಿಲ್ಲದ ಗೆರೆ: ಮೋಡ, ದೂರದ ಕಟ್ಟಡ, ನೀರಿನ ಅಂಚಿನ ಆ ಕೂದಲೆಳೆ. ಸವೆದ ತಗಡಿನ ಅಚ್ಚಿನಲ್ಲಿ ಮುಂದಿನ ನೆಲ ಕಪ್ಪಗೇ ಇರುತ್ತದೆ, ಹಿಂದೆ ಊರು ಮಾಯ, ಧಾರೆ ಬರೀ ಬಿಳಿ ಕೋಲು. ಪ್ರಕಾಶಕನ ಹೆಸರು ಅಳಿಸಿ ಬೇರೆ ಹೆಸರು ಬರೆದಿದ್ದರೆ ಅದು ಆಮೇಲಿನ ಅಚ್ಚು. ಹಾಳೆಯನ್ನು ಬೆಳಕಿಗೆ ಹಿಡಿದರೆ ಕೈಕಾಗದದ ಸಮಾನಾಂತರ ಗೀಟುಗಳೂ ಕೆಲವೊಮ್ಮೆ ಕಾಗದ ತಯಾರಿಸಿದವರ ನೀರಚ್ಚೂ ಕಾಣುತ್ತವೆ. ತಗಡಿನ ಅಂಚು ಒತ್ತಿ ಬಿದ್ದ ತಗ್ಗು ಚಿತ್ರದ ನಾಲ್ಕೂ ಸುತ್ತ ಇರಬೇಕು, ಅಂಚು ಕತ್ತರಿಸಿದ ಹಾಳೆಯಲ್ಲಿ ಅದು ಸಿಗದು.

ಪರದೆಯ ಮೇಲೆ ನೋಡುವುದಾದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮತ್ತು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂಗಳು ಇಂಥ ಮುದ್ರಣಗಳನ್ನು ಉಚಿತವಾಗಿ, ದೊಡ್ಡ ಗಾತ್ರದಲ್ಲಿ ಇಟ್ಟಿವೆ. ಒಂದೇ ಚಿತ್ರದ ಎರಡು ಅಚ್ಚು ಸಿಕ್ಕರೆ ಅಕ್ಕಪಕ್ಕ ತೆರೆದು, ಮೊದಲು ಧಾರೆಯ ತುದಿಯನ್ನು ಹಿಗ್ಗಿಸಿ ನೋಡಿ. ಬಿಡಿ ಗೀಟು, ಚುಕ್ಕೆಗಳು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಇರುವುದೇ ಮೊದಲಿನದು.